ಹಿಮ ನೋಡಲಿಕ್ಕೆ ಹೋಗುವವರು ಕೂಲಿಂಗ್ ಗ್ಲಾಸ್ ಮರೀಬೇಡಿ

ಸಂಪಾದಕರೇ,

ನಮ್ಮ ಕಾಸರಗೋಡಲ್ಲಿ ಚಳಿ ಅಂದ್ರೆ ಧನು ತಿಂಗಳ ಬೆಳಿಗ್ಗೆ ಒಂದು ಶಾಲು ಹೊದ್ಕೊಳ್ಳೋದು, ಅಷ್ಟೇ. ಕಳೆದ ಮಾರ್ಚಲ್ಲಿ ಇಲ್ಲಿಯ ಸೆಕೆ ಬಿಟ್ಟು ಅಮ್ಮನನ್ನೂ ಕರ್ಕೊಂಡು ಮಂಗಳಾ ಎಕ್ಸ್‌ಪ್ರೆಸ್ಸಲ್ಲಿ ದಿಲ್ಲಿಗೆ, ಅಲ್ಲಿಂದ ಬಸ್ಸಲ್ಲಿ ಮನಾಲಿಗೆ ಹೋಗಿ, ಮರುದಿನ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿ ಸಿಸ್ಸುವಿನಲ್ಲಿ ಇಳಿದ್ರೆ ಎದುರಿಗೆಲ್ಲ ಬಿಳಿಯೇ ಬಿಳಿ, ಎಂತ ಮಾಡ್ಬೇಕು ಅಂತಲೇ ಗೊತ್ತಾಗಲಿಲ್ಲ ಮಾರಾಯ್ರೇ.

ಹಿಮ ಫ್ರಿಜ್ಜಿನ ಐಸಿನ ಹಾಗೆ ಗಟ್ಟಿ ಅಂದ್ಕೊಂಡಿದ್ದೆ. ಅಲ್ಲ, ರಾತ್ರಿ ಬಿದ್ದದ್ದು ಅಕ್ಕಿಹುಡಿಯ ಹಾಗೆ ಉಂಟು, ಕಾಲಿಟ್ರೆ ಕರ್ ಕರ್ ಅಂತದೆ. ಉಂಡೆ ಕಟ್ಟಲಿಕ್ಕೆ ನೋಡಿದೆ, ಉದುರಿ ಹೋಯ್ತು, ಒಣ ಹಿಮ ಅಂಟೋದಿಲ್ಲವಂತೆ. ಮಧ್ಯಾಹ್ನ ಬಿಸಿಲಿಗೆ ಸ್ವಲ್ಪ ಕರಗಿದ ಮೇಲೆ ಚಂದ ಉಂಡೆ ಆಯ್ತು, ಮೊದಲನೇದು ಬಿದ್ದದ್ದು ನನ್ನ ಬೆನ್ನಿಗೇ. ಸೀರೆ ಮೇಲೆ ಸ್ವೆಟರ್, ಕೆಳಗೆ ಗಂಬೂಟು ಹಾಕಿದ ಅಮ್ಮ ಒಂದು ಮುಷ್ಟಿ ಹಿಡ್ಕೊಂಡು "ಇದಕ್ಕೆ ರವೆಬೆಲ್ಲ ಹಾಕಿದ್ರೆ ತಿನ್ಲಿಕ್ಕೆ ಆಗ್ತಿತ್ತು" ಅಂದ್ರು!

ಬಾಡಿಗೆಗೆ ತಗೊಂಡ ನನ್ನ ಬೂಟು ಮಾತ್ರ ಹರಿದಿತ್ತು, ಕಾಲ್ಚೀಲ ಚಂಡಿ, ಬೆರಳು ಮರಗಟ್ಟಿತು. ಹಾಕುವ ಮೊದಲು ಅಡಿ ತಿರುಗಿಸಿ ನೋಡಿ, ಒಂದು ಜೊತೆ ಸಾಕ್ಸ್ ಜಾಸ್ತಿ ಇಟ್ಕೊಳ್ಳಿ. ಮತ್ತೆ ಹೊಸ ಹಿಮ ಬಿಸಿಲಿನ ಬೆಳಕನ್ನು ನೂರಕ್ಕೆ 80ಕ್ಕಿಂತ ಜಾಸ್ತಿ ವಾಪಸ್ ಎಸೀತದೆ, ಕೂಲಿಂಗ್ ಗ್ಲಾಸ್ ಇಲ್ಲದೆ ನನಗೆ ರಾತ್ರಿಯಿಡೀ ಕಣ್ಣಲ್ಲಿ ಹೊಯ್ಗೆ ಹಾಕಿದ ಹಾಗೆ ಉರಿ.

ಅಮ್ಮ ಈಗ ಮುಂದಿನ ಸಲ ಯಾವಾಗ ಅಂತ ಕೇಳ್ತಿದ್ದಾರೆ.

– ಓರ್ವ ಓದುಗ, ಪೆರ್ಲ