ಮಗಳಿಗೊಂದು ಪತ್ರ: ಕಾಕಾನ ಚಪ್ಪಟೆ ಭೂಮಿ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ಪಂಚಮಿ ಮುಗಿಸಿ ನೀನು ಬೆಳಗಾವಿ ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದದ್ದು ಮರೆತು ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ, ಪೂರ್ತಿ ಓದು.

ಕಾಕಾ ತಂಬಿಗೆಗೆ ಫೋನ್ ಆನಿಸಿಟ್ಟು ಭೂಮಿ ಚಪ್ಪಟೆ ಅನ್ನುವ ಆ ವಿಡಿಯೋ ತೋರಿಸಿದ್ದು, "ನೀರು ಎಲ್ಲೆರ ಬಾಗತೈತೇನವಾ? ಸಮುದ್ರ ಬಾಗೈತಿ ಅಂತ ಹೇಳಿ ನಮ್ಮನ್ನ ಮಂಗ್ಯಾ ಮಾಡ್ಯಾರ" ಅಂದದ್ದು, ನೀನು ನಕ್ಕದ್ದು, ಆಮೇಲೆ ಬೀಗರ ಮುಂದೆಯೇ "ಕಾಕಾ, ನಿಮಗ ತಲಿ ಕೆಟ್ಟೈತಿ" ಅಂದದ್ದು, ಎಲ್ಲ ನಡೆದುಹೋಯಿತು. ಅವನು ಶೇಂಗಾ ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದ. ಅವನು ಹೋಳಿಗೆ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭೂಮಿ ಗುಂಡಗಿದೆ. ನೀನು ಹೇಳಿದ್ದು ಸರಿ, ಅವನು ಹೇಳಿದ್ದು ತಪ್ಪು. ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅವನ ತಲೆ ಕೆಟ್ಟಿಲ್ಲ, ಯವ್ವಾ.

ಮೊದಲು ನೀರಿನ ಮಾತು. ಅದು ಗೌಂಡಿ ಕೇಳುವ ಪ್ರಶ್ನೆ. ನಾನೂ ಅವನೂ ಮೂವತ್ತು ವರ್ಷದಿಂದ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಲೆವೆಲ್ ತೆಗೆದೇ ಮನೆ ಕಟ್ಟಿದವರು. ಈ ಮೂಲೆಯಲ್ಲಿ ಅವನು ಒಂದು ತುದಿ ಹಿಡಿಯುತ್ತಾನೆ, ಆ ಮೂಲೆಯಲ್ಲಿ ನಾನು ಇನ್ನೊಂದು ತುದಿ ಹಿಡಿಯುತ್ತೇನೆ. ನೀರು ಅಲ್ಲಾಡುವುದು ನಿಂತ ಮೇಲೆ "ಹೂಂ" ಅನ್ನುತ್ತಾನೆ, ಇಬ್ಬರೂ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತೇವೆ. ನೀರು ಸುಳ್ಳು ಹೇಳಲ್ಲ ಅನ್ನುವುದು ನಮ್ಮ ಹೊಟ್ಟೆಪಾಡು. ಈಗ ಯಾರೋ ಬಂದು ನೀರೂ ಬಾಗುತ್ತದೆ ಅಂದರೆ ಅವನಿಗೆ ಹೇಗಾಗಬೇಡ?

ನಮ್ಮ ಪೈಪು 20 ಮೀಟರ್. ಅಷ್ಟು ದೂರದಲ್ಲಿ ಭೂಮಿ ಬಾಗುವುದು ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು. ನಮ್ಮ ಪೆನ್ಸಿಲ್ ಗೆರೆಯೇ ಅದಕ್ಕಿಂತ ಹತ್ತಾರು ಪಟ್ಟು ದಪ್ಪ. ಈ ಲೆಕ್ಕ ನಿನ್ನ ಸರ್ವೆ ಪುಸ್ತಕದಲ್ಲೇ ಇದೆ, ಹೋದ ಸಲ ನೀನು ಮಲಗಿದಾಗ ತಿರುವಿ ಹಾಕಿದೆ. ದೂರವನ್ನು ಕಿಲೋಮೀಟರಿನಲ್ಲಿ ತಗೊಂಡು, ಅದನ್ನೇ ಅದಕ್ಕೆ ಗುಣಿಸಿ, 0.0785ರಿಂದ ಗುಣಿಸಿದರೆ ಎಷ್ಟು ಮೀಟರ್ ಬಾಗಿದೆ ಅಂತ ಸಿಗುತ್ತದೆ. ಗಾಳಿ ಬೆಳಕನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸುವುದರಿಂದ ಅದನ್ನೂ ಕಳೆದು 0.0673 ಅಂತ ಹಿಡಿಯುತ್ತಾರೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀಯ. ಅದನ್ನು ಕಾಕಾನಿಗೆ ಹೇಳಬೇಕು ಅಂತ ನಿನಗೆ ಹೊಳೆಯಲಿಲ್ಲ, ಅಲ್ವಾ? ಅಂತರಿಕ್ಷದ ಫೋಟೋ ತೋರಿಸಿದೆ. ಅವನು ಫೋಟೋ ನಂಬುವವನಲ್ಲ. ಮದುವೆ ಆಲ್ಬಮ್‌ನಲ್ಲಿ ನಮ್ಮ ಹಿಂದೆ ತಾಜಮಹಲು ಕೂಡಿಸಿದ್ದನ್ನು ನೋಡಿದವನು.

ಇನ್ನೊಂದು, ಕಣ್ಣಿನ ಮಾತು. ನನ್ನ ಅಪ್ಪ, ಅಂದರೆ ನಿಮ್ಮಜ್ಜ, ಭಾವಿ ಕಟ್ಟುತ್ತಿದ್ದ. ದುಂಡು ಭಾವಿ. ಹುಡುಗನಾಗಿದ್ದಾಗ ಒಳಗಿಳಿದು ಕಲ್ಲು ಮುಟ್ಟಿ ನೋಡಿದ್ದೇನೆ, ಒಂದೊಂದು ಕಲ್ಲೂ ನೇರವಾಗಿತ್ತು. ಮೂಗು ಹಚ್ಚಿ ಒಂದೇ ಕಲ್ಲು ನೋಡಿದರೆ ಅದು ಗೋಡೆಯೇ. ಮೇಲೆ ಬಂದು ಬಗ್ಗಿ ನೋಡಿದರೆ ದುಂಡು. ಭಾಸ್ಕರಾಚಾರ್ಯ 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದಾಗ ಹೇಳಿದ್ದೂ ಇದನ್ನೇ. ಸುತ್ತಳತೆಯ ನೂರರಲ್ಲಿ ಒಂದು ಪಾಲು ತಗೊಂಡರೆ ಅದು ನೇರವಾಗಿಯೇ ಕಾಣುತ್ತದೆ, ಭೂಮಿ ಬಹಳ ದೊಡ್ಡದು, ಮೇಲೆ ನಿಂತ ಮನುಷ್ಯ ಬಹಳ ಸಣ್ಣವನು, ಅದಕ್ಕೇ ಅವನಿಗೆ ಎಲ್ಲಾ ಸಪಾಟು ಕಾಣುತ್ತದೆ ಅಂತ. ಆಗ ಅವನಿಗೆ ಮೂವತ್ತಾರು ವರ್ಷ. ತನ್ನ ಊರು ವಿಜ್ಜಡವಿಡ ಅಂತ ಬರೆದುಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಅಂತ ಈ ಕಡೆಯವರು ಹೇಳುತ್ತಾರೆ, ಅಲ್ಲ ಚಾಳೀಸಗಾವ್ ಹತ್ತಿರದ ಊರು ಅಂತ ಮಹಾರಾಷ್ಟ್ರದವರು ಎಳೆಯುತ್ತಾರೆ. ಗಡಿ ಜಗಳ ನಮಗೇನು ಹೊಸದಲ್ಲ ಬಿಡು. ಅವನಿಗಿಂತ ಆರುನೂರು ವರ್ಷ ಮೊದಲೇ ಆರ್ಯಭಟ ಭೂಮಿಯನ್ನು ಕದಂಬದ ಹೂವಿನ ಉಂಡೆಗೆ ಹೋಲಿಸಿದ್ದ. ಶಾಸ್ತ್ರದಲ್ಲಿ ಚಪ್ಪಟೆ ಅಂತ ಇದೆ ಅಂದ ಕಾಕಾನಿಗೆ, ನೀನು ಶಾಲೆಯಲ್ಲಿ ಓದಿದ ಪಾಠದ ಹೆಸರೇ ಭೂಗೋಳ ಅಲ್ಲೇನೋ ಅಂತ ನಾನು ಕೇಳಿದೆ. ಅದಕ್ಕೆ ಅವನು ಮೂಗು ಮುರಿದ.

ಅವನ ವಿಡಿಯೋದಲ್ಲಿರುವ ಮಾತು ಹೊಸದೇನೂ ಅಲ್ಲ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ರೋಬೊಥಮ್ ಅನ್ನುವವನು 1838ರಲ್ಲೇ ಈ ಪರೀಕ್ಷೆ ಮಾಡಿದ್ದ. ಬೆಡ್‌ಫರ್ಡ್ ಅನ್ನುವ ಒಂದು ಕಾಲುವೆ, ಆರು ಮೈಲಿ ಒಂದೇ ನೇರಕ್ಕಿದೆ. ನೀರಿಗಿಳಿದು, ನೀರಿನಿಂದ ಸುಮಾರು ಒಂದು ಗೇಣು ಮೇಲೆ ದುರ್ಬೀನು ಹಿಡಿದು, ಬಾವುಟ ಕಟ್ಟಿದ ದೋಣಿ ದೂರ ಹೋಗುವುದನ್ನು ನೋಡಿದ. ಆರು ಮೈಲಿ ತನಕ ಕಾಣ್ತು ಅಂದ. ಭೂಮಿ ಗುಂಡಗಿದ್ದರೆ ಬಾವುಟ ಹತ್ತು ಅಡಿಗಿಂತ ಜಾಸ್ತಿ ಕೆಳಗಿಳಿದು ಮರೆಯಾಗಬೇಕಿತ್ತು, ಆಗಲಿಲ್ಲ, ಆದ್ದರಿಂದ ಚಪ್ಪಟೆ. ಪುಸ್ತಕ ಬರೆದ, ಊರೂರು ತಿರುಗಿ ಭಾಷಣ ಮಾಡಿದ. ನೀರಿನ ಮೇಲಿನ ತಣ್ಣನೆ ಗಾಳಿ ಬೆಳಕನ್ನು ನೀರಿನ ಬಾಗಿನ ಜೊತೆಗೇ ಬಗ್ಗಿಸುತ್ತದೆ ಅನ್ನುವುದನ್ನು ಅವನು ಲೆಕ್ಕಕ್ಕೇ ತಗೊಳ್ಳಲಿಲ್ಲ. ನೀರಿಗೆ ಅಷ್ಟು ಹತ್ತಿರ ಕಣ್ಣಿಟ್ಟರೆ ಮೋಸ ಹೋಗುವುದೇ.

1870ರಲ್ಲಿ ಜಾನ್ ಹ್ಯಾಂಪ್ಡನ್ ಅನ್ನುವ ಅವನ ಕಡೆಯವನು 500 ಪೌಂಡ್ ಪಂಥ ಕಟ್ಟಿದ, ಗುಂಡಗಿದೆ ಅಂತ ತೋರಿಸಿ ಅಂತ. ಒಪ್ಪಿಕೊಂಡವನು ಆಲ್ಫ್ರೆಡ್ ರಸೆಲ್ ವಾಲೇಸ್. ಡಾರ್ವಿನ್ ಜೊತೆ ವಿಕಾಸವಾದದಲ್ಲಿ ಹೆಸರು ಬರುತ್ತದಲ್ಲ, ಅವನೇ. ಮೊದಲು ಅವನು ಸರ್ವೆ ಕೆಲಸ ಮಾಡಿದವನು, ನಿಮ್ಮ ಜಾತಿಯವನು. ಅದೇ ಕಾಲುವೆಗೆ ಹೋಗಿ, ನೋಟವನ್ನು ನೀರಿನಿಂದ 13 ಅಡಿ ಮೇಲಕ್ಕೆ ಎತ್ತಿದ. ಅದೇ ಎತ್ತರಕ್ಕೆ ನಡುವೆ ಒಂದು ಗುರುತು, ಕೊನೆಯ ಸೇತುವೆ ಮೇಲೆ ಇನ್ನೊಂದು. ನಡುವಿನ ಗುರುತು ಮೇಲೆ ಎದ್ದು ಕಾಣಿಸಿತು, ಅಂದರೆ ನೀರು ನಡುವೆ ಉಬ್ಬಿದೆ. ವಾಲೇಸ್ ಗೆದ್ದ ಅಂತ ತೀರ್ಪೂ ಆಯಿತು.

ಹ್ಯಾಂಪ್ಡನ್ ಒಪ್ಪಿದನಾ? ಎಲ್ಲಿಯ ಮಾತು. ಮೋಸ ಅಂದ, ಕಳ್ಳ ಅಂದ, ವಾಲೇಸನ ಹೆಂಡತಿಗೇ ಬೆದರಿಕೆ ಪತ್ರ ಬರೆದ, ಅದಕ್ಕಾಗಿ ಜೈಲಿಗೂ ಹೋಗಿ ಬಂದು ಮತ್ತೆ ಬೈದ. ಹದಿನೈದು ವರ್ಷ ನೆಮ್ಮದಿ ಹೋಯಿತು, ಕೋರ್ಟಿಗೆ ಕೈಯಿಂದ ದುಡ್ಡೂ ಹೋಯಿತು ಅಂತ ವಾಲೇಸ್ ಆಮೇಲೆ ಹಲುಬಿದ್ದಾನೆ. ಪಂಥ ಕಟ್ಟಿ ಯಾರ ಮನಸ್ಸನ್ನೂ ತಿರುಗಿಸಲಾಗದು ಅಂತ ನನಗೆ ಅನಿಸಿದ್ದು ಇದನ್ನು ಓದಿದ ಮೇಲೆಯೇ.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನೀನು ಹುಟ್ಟಿದ್ದು ನವನಗರದಲ್ಲಿ. ಮುಳುಗಡೆ ನಿನಗೆ ಬರೀ ಮಾತು.

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಸುಪ್ರೀಂ ಕೋರ್ಟು ಸಮುದ್ರ ಮಟ್ಟದಿಂದ 519.60 ಮೀಟರ್ ತನಕ ನೀರು ನಿಲ್ಲಿಸಬಹುದು ಅಂದದ್ದು 2000ದಲ್ಲಿ. ಅಷ್ಟು ವರ್ಷ ಹಳೇ ಬಾಗಲಕೋಟೆಯಲ್ಲಿ ನಾವು ಇವತ್ತು ಬರ್ತದೆ ನಾಳೆ ಬರ್ತದೆ ಅಂತ ಕಾದೆವು. ಒಂದು ದಿನ ಲೆವೆಲ್ ತೆಗೆಯುವವರು ಬಂದರು. ಮೂರು ಕಾಲಿನ ಸ್ಟ್ಯಾಂಡು, ಕೆಂಪು ಬಿಳಿ ಪಟ್ಟಿ, ಕೊಡೆ ಹಿಡಿದ ಒಬ್ಬ ಹುಡುಗ. ನಮ್ಮ ಪಡಸಾಲೆಯ ಗೋಡೆಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಹಾಕಿದರು. ನನ್ನ ಎದೆಯ ಮಟ್ಟಕ್ಕಿತ್ತು. ಇಲ್ಲಿ ತನಕ ನೀರು ಅಂದರು. ಅಜ್ಜ ನಕ್ಕ. "ಹೊಳಿ ಎಲ್ಲೈತಿ, ನಮ್ಮ ಮನಿ ಎಲ್ಲೈತಿ. ಆಲಮಟ್ಟಿಯಾಗ ಗ್ವಾಡಿ ಕಟ್ಟಿದ್ರ ನೀರು ನಮ್ಮ ಪಡಸಾಲಿಗೆ ಬರತೈತೇನು?" ಆ ಗೆರೆಯ ಮೇಲೆ ಕ್ಯಾಲೆಂಡರ್ ನೇತುಹಾಕಿದ. ಭಾವಿ ಕಟ್ಟಿದವನು ಅವನು. ನೀರು ಹೇಗೆ ಏರುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಗೆರೆ ಒಪ್ಪಿದರೆ ಮನೆ ಬಿಡಬೇಕಿತ್ತು, ಅಷ್ಟೇ.

ಆಮೇಲೆ ಆಫೀಸಿನವನೊಬ್ಬ ನಕಾಶೆ ಹಿಡಿದು ಬಂದು, ನಿಮ್ಮ ಮನೆ ಗೆರೆಯ ಹೊರಗಿದೆ, ಏನೂ ಆಗಲ್ಲ ಅಂದ. ಕಾಕಾನಿಗೆ ಆಗ ಇಪ್ಪತ್ತೆರಡು. ಇದ್ದ ದುಡ್ಡೆಲ್ಲ ಹಾಕಿ ಬೀದಿ ಕಡೆ ಒಂದು ಅಂಗಡಿ ಖೋಲಿ ಕಟ್ಟಿದ, ಒಂದೊಂದು ಕಲ್ಲೂ ಅವನ ಕೈಯದೇ. ವರ್ಷ ತುಂಬುವುದರಲ್ಲಿ ಇನ್ನೊಬ್ಬ ಇನ್ನೊಂದು ನಕಾಶೆ ತಂದು, ಮನೆ ಗೆರೆಯ ಒಳಗೇ ಇದೆ ಅಂದ. ಪರಿಹಾರದ ಪಟ್ಟಿಯಲ್ಲಿ ಆ ಖೋಲಿ ಇರಲಿಲ್ಲ. ಎರಡು ವರ್ಷ ಓಡಾಡಿದ. ಕಡೆಗೆ ಒಬ್ಬ ಸಾಹೇಬ ಅವನ ಮುಖ ಸಹ ನೋಡದೆ "ನಕಾಶೆಯಲ್ಲಿ ಇಲ್ಲ ಅಂದರೆ ಇಲ್ಲ" ಅಂದ. ಆ ಮಾತನ್ನು ಕಾಕಾ ಇವತ್ತಿಗೂ ಕುಡಿದಾಗ ಹೇಳುತ್ತಾನೆ.

ನೀರು ಬಂತು. ಗೋಡೆಯ ಆ ಕೆಂಪು ಗೆರೆಗೆ ಒಂದು ಬೆರಳು ಕೆಳಗೆ ನಿಂತಿತು. ಲೆವೆಲ್ ತೆಗೆದವರು ಹೇಳಿದ್ದು ನಿಜವಾಯಿತು, ನಕಾಶೆ ಹಿಡಿದು ಬಂದವನು ಹೇಳಿದ್ದು ಸುಳ್ಳಾಯಿತು. ನನ್ನ ತಲೆಯಲ್ಲಿ ಇವೆರಡೂ ಬೇರೆ ಬೇರೆ ಕೂತಿವೆ. ಕಾಕಾನ ತಲೆಯಲ್ಲಿ ಒಂದೇ ಗಂಟು. ಅಳೆಯುವವರೆಲ್ಲ ಒಂದೇ ಕಡೆಯವರು, ದೊಡ್ಡವರೆಲ್ಲ ಸೇರಿ ಏನೋ ಮುಚ್ಚಿಡುತ್ತಾರೆ. ಈಗ ನೀರನ್ನು 524 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಅವನ ಮುಖ ನೋಡು, ಆ ಗಂಟು ಇನ್ನೂ ಬಿಗಿಯಾಗುವುದು ಕಾಣುತ್ತದೆ.

ಇಂಥವನಿಗೆ ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಒಬ್ಬ ಸಿಗುತ್ತಾನೆ. ನಿನಗೆ ಸುಳ್ಳು ಹೇಳಿದ್ದಾರೆ ಅನ್ನುತ್ತಾನೆ. ನಿನ್ನ ಕಣ್ಣನ್ನು ನೀನು ನಂಬು ಅನ್ನುತ್ತಾನೆ. ಕಾಕಾನ ಜೀವನದಲ್ಲಿ ಯಾರಾದರೂ ಅವನಿಗೆ ನಿನ್ನ ಕಣ್ಣನ್ನು ನಂಬು ಅಂದಿದ್ದರಾ? ಒಂದು ವಿಡಿಯೋ ನೋಡಿದರೆ ಅಂಥವೇ ಇನ್ನೂ ಹತ್ತು ತಾವೇ ಬರುತ್ತವೆ. ಹತ್ತನೆಯದು ಮುಗಿಯುವ ಹೊತ್ತಿಗೆ ಇಂಜಿನಿಯರಿಂಗ್ ಓದುವ ಮಗಳಿಗೂ ಗೊತ್ತಿಲ್ಲದ ಗುಟ್ಟು ಏಳನೇ ಇಯತ್ತೆಗೆ ಶಾಲೆ ಬಿಟ್ಟ ಅವನಿಗೆ ಗೊತ್ತು. ಅದನ್ನು ತೋರಿಸಲು ಊಟದ ಹೊತ್ತಿಗೆ ಫೋನ್ ತಂದ. ನೀನು ನಕ್ಕೆ.

ಪುರಾವೆ ಕೊಟ್ಟರೆ ಒಪ್ಪುತ್ತಾರೆ ಅಂದುಕೊಳ್ಳಬೇಡ. 2024ರ ಡಿಸೆಂಬರಿನಲ್ಲಿ ಅಮೆರಿಕದ ಒಬ್ಬ ಪಾದ್ರಿ ಚಪ್ಪಟೆ ಭೂಮಿಯವರನ್ನು ಅಂಟಾರ್ಟಿಕಾಕ್ಕೇ ಕರೆದುಕೊಂಡು ಹೋದ. ಅಲ್ಲಿ ಆ ತಿಂಗಳು ಸೂರ್ಯ ಮುಳುಗುವುದೇ ಇಲ್ಲ, ಇಪ್ಪತ್ನಾಲ್ಕು ಗಂಟೆಯೂ ಸುತ್ತ ತಿರುಗುತ್ತಾನೆ. ಅವರ ಚಪ್ಪಟೆ ನಕಾಶೆಯಲ್ಲಿ ಅದು ಆಗುವ ಮಾತಲ್ಲ. ಹೆಸರಾದ ಒಬ್ಬ ಯೂಟ್ಯೂಬಿನವನು ಅದನ್ನು ಕಣ್ಣಾರೆ ಕಂಡು, ನಾನು ಅಂದುಕೊಂಡದ್ದು ತಪ್ಪು ಅಂದ. ಎಷ್ಟು ದೊಡ್ಡ ಮನಸ್ಸು ಬೇಕು ಅದಕ್ಕೆ! ಅವನ ಹಿಂದಿದ್ದವರು ಏನಂದರು ಗೊತ್ತಾ? ದುಡ್ಡು ತಿಂದ ಅಂದರು.

ನಗು ಬರುವ ಸಂಗತಿಯೂ ಇದೆ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣ ನೆನಪಿದೆಯಾ? ರಾತ್ರಿ 9:57ಕ್ಕೆ ಹಿಡಿದು 1:26ಕ್ಕೆ ಬಿಟ್ಟದ್ದು. ಕಾಕಾ ಪಂಚಾಂಗ ನೋಡಿ, ಒಂದು ನಿಮಿಷ ಆಚೀಚೆ ಆಗದಂತೆ ಕೂತಿದ್ದು, ಬಿಟ್ಟ ಮೇಲೆಯೇ ಸ್ನಾನ ಮಾಡಿದ. ಆ ನಿಮಿಷ ಲೆಕ್ಕ ಹಾಕುವುದು ಭೂಮಿಯ ದುಂಡು ನೆರಳನ್ನು ಹಿಡಿದೇ. ಇದನ್ನು ನಾನು ಅವನಿಗೆ ಇನ್ನೂ ಹೇಳಿಲ್ಲ, ಸರಿಯಾದ ಹೊತ್ತು ನೋಡುತ್ತಿದ್ದೇನೆ.

ಹೋದ ಭಾನುವಾರ ಅವನನ್ನು ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋಗಿದ್ದೆ. ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದರಿಂದ ಬಂದ, ಇಲ್ಲದಿದ್ದರೆ ಬರುತ್ತಿರಲಿಲ್ಲ. ಪಕ್ಕದ ಮನೆಯವರ ದುರ್ಬೀನು ಇತ್ತು. ದೂರದಲ್ಲಿ ಮೀನು ಹಿಡಿಯುವವರ ದೋಣಿ. ದಂಡೆಯಲ್ಲಿ ಕೂತು ನೋಡಿದರೆ ಮನುಷ್ಯರು ಕಾಣುತ್ತಿದ್ದರು, ದೋಣಿ ಮಾತ್ರ ಕಾಣುತ್ತಿರಲಿಲ್ಲ, ನೀರಿನ ಮೇಲೆ ಕೂತಂತೆ ಇದ್ದರು. ಏರಿಯ ಮೇಲೆ ಹತ್ತಿ ನೋಡಿದರೆ ದೋಣಿಯೂ ಕಂಡಿತು. ಕಾಕಾ ಕೆಳಗಿಳಿದು ನೋಡಿದ, ಮತ್ತೆ ಹತ್ತಿದ, ಮತ್ತೆ ಇಳಿದ. ಕಡೆಗೆ "ತೆರಿ ಅಡ್ಡ ಬಂದಾವ ಬಿಡು" ಅಂದ. ಅವತ್ತು ಗಾಳಿ ಇತ್ತು, ತೆರೆಗಳೂ ಇದ್ದವು. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ಅವನೇ ಕೇಳಿದ, ಗಾಳಿ ಇಲ್ಲದ ದಿನ ಹೆಂಗ ನೋಡಬೇಕು ಅಂತ. ವಾಲೇಸ್ ಮಾಡಿದ್ದನ್ನು ಹೇಳಿದೆ. 4 ಕಿಲೋಮೀಟರ್ ನೀರು, ಒಂದೇ ಎತ್ತರಕ್ಕೆ ಕೆಂಪು ಬಟ್ಟೆ ಕಟ್ಟಿದ ಮೂರು ಗಳ, ನಡುವಿನದನ್ನು ದೋಣಿಗೆ ಕಟ್ಟಬೇಕು. ನಿನ್ನ ಪುಸ್ತಕದ ಲೆಕ್ಕದಂತೆ ನಡುವಿನ ಬಟ್ಟೆ 27 ಸೆಂಟಿಮೀಟರ್ ಮೇಲೆ ಕಾಣಬೇಕು, ಗೇಣಿಗಿಂತ ಸ್ವಲ್ಪ ಜಾಸ್ತಿ. ಗಳದ ಎತ್ತರ ತಾನೇ ಅಳೆಯುತ್ತೇನೆ ಅಂದ, ಬೇರೆ ಯಾರೂ ಮುಟ್ಟಬಾರದಂತೆ. ನೀನೂ ಮುಟ್ಟಬಾರದಂತೆ. ಮನೆ ಮುಟ್ಟಿದ ಮೇಲೆ ಗಾಡಿ ಇಳಿಯುತ್ತಾ, "ಅಕಿ ಕಾಲೇಜಿನಾಗ ಲೆವೆಲ್ ಮಷೀನ್ ಇರತೈತಲ್ಲ, ಒಂದಿನದ ಮಟ್ಟಿಗೆ ಕೊಡ್ತಾರೇನು ಕೇಳು" ಅಂದ.

ಕೊಡುತ್ತಾರಾ, ಕೇಳಿ ನೋಡು. ಆಗದಿದ್ದರೆ ಇಲ್ಲೇ ಬಾಡಿಗೆಗೆ ತರುತ್ತೇನೆ. ಮಳೆ ನಿಂತ ಮೇಲೆ ಒಂದು ಭಾನುವಾರ ಬಾ. ಬರುವ ಮುಂಚೆ ಕಾಕಾನಿಗೆ ನೀನೇ ಫೋನ್ ಮಾಡು, ನನ್ನ ಕೈಯಲ್ಲಿ ಹೇಳಿಸಬೇಡ. ಪಂಚಮಿಯ ಶೇಂಗಾ ಉಂಡಿ ಅರ್ಧ ಡಬ್ಬಿ ನಿನಗೆ ಅಂತ ಅವನೇ ತೆಗೆದಿಟ್ಟಿದ್ದಾನೆ, ಬೇಗ ಬರದಿದ್ದರೆ ಮುಗ್ಗು ಹಿಡಿಯುತ್ತವೆ.

ಇಂತಿ,
ನಿನ್ನ ಅಪ್ಪ
ನವನಗರ, ಬಾಗಲಕೋಟೆ