ಅಪ್ಪ ಅಮ್ಮನ್ನ ಕ್ರೂಸಿಗೆ ಕರ್ಕೊಂಡು ಹೊರಟಿರೋ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನಿನ್ನೆ ರಾತ್ರಿ ನೋಡ್ದೆ. ಸಿಂಗಾಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಮುಟ್ಟಿ ವಾಪಸ್ ಬರೋ ನಾಲ್ಕು ರಾತ್ರಿ ಹಡಗಿನ ಕ್ರೂಸು, ಜೊತೆಗೆ ಅಪ್ಪಾಜಿ ಅಮ್ಮ ಇಬ್ರೂ ಅಂತ ಓದಿ ತುಂಬಾ ಖುಷಿ ಆಯ್ತು ಕಣೋ. ಕಾಲೇಜಲ್ಲಿದ್ದಾಗ ಪಣಂಬೂರು ಬೀಚಿಗೆ ಹೋದ್ರೆ ಒಮ್ಮೊಮ್ಮೆ ಬಂದರಿನ ಕಡೆ ದೊಡ್ಡ ಬಿಳಿ ಹಡಗು ಕಾಣ್ತಿತ್ತಲ್ಲ, ಅದರೊಳಗೆ ಏನೇನಿರುತ್ತೋ ಅಂತ ನಾವು ಗಂಟೆಗಟ್ಟಲೆ ಮಾತಾಡ್ತಿದ್ವಿ, ಈಗ ನೀನು ಹತ್ತೋಕೆ ಹೊರಟಿದೀಯ. ನೀನು ಕೇಳಿರೋದು ಒಂದೇ ಲೈನು, ಯಾವ ರೂಮ್ ತಗೊಳ್ಲಿ, ಊಟ ಹೆಂಗೆ ಅಂತ. ಅದಕ್ಕೆ ಫೋನಲ್ಲಿ ಐದು ನಿಮಿಷದಲ್ಲಿ ಉತ್ತರ ಹೇಳೋಕಾಗಲ್ಲ ಅಂತ ಕೂತು ಬರೀತಿದೀನಿ, ಯಾಕಂದ್ರೆ ಹೋದ ವರ್ಷ ನಾನೂ ಅಪ್ಪ ಅಮ್ಮನ್ನ ಕರ್ಕೊಂಡು ಇದೇ ರೂಟಲ್ಲಿ ಹೋದಾಗ ಅಮ್ಮ ಮೊದಲ ಎರಡು ರಾತ್ರಿ ನಿದ್ದೆನೇ ಮಾಡ್ಲಿಲ್ಲ, ಅದು ನಿಮ್ಮನೇಲಿ ಆಗಬಾರದು.

ಆಗಿದ್ದು ಇಷ್ಟು. ಬುಕ್ ಮಾಡೋವಾಗ ಗ್ಯಾರಂಟಿ ಕ್ಯಾಬಿನ್ ಅಂತ ಒಂದು ಆಪ್ಷನ್ ಬರುತ್ತೆ, ರೇಟು ಕಮ್ಮಿ ಇರುತ್ತೆ. ಹೆಸರು ಕೇಳಿ ಒಳ್ಳೇದೇ ಇರ್ಬೇಕು ಅಂದ್ಕೋಬೇಡ. ಅದರಲ್ಲಿ ಗ್ಯಾರಂಟಿ ಇರೋದು ಕ್ಯಾಬಿನ್ನಿನ ದರ್ಜೆಗೆ ಮಾತ್ರ, ಯಾವ ಡೆಕ್ಕು ಅಂದ್ರೆ ಹಡಗಿನ ಯಾವ ಮಹಡಿ, ಯಾವ ನಂಬರು ಅನ್ನೋದನ್ನ ಕಂಪನಿಯವ್ರೇ ಆಮೇಲೆ ಕೊಡ್ತಾರೆ. ನಮಗೆ ಅಕ್ಕಪಕ್ಕ ಕಿಟಕಿ ಇಲ್ಲದ ಎರಡು ಒಳಗಿನ ಕ್ಯಾಬಿನ್ ಸಿಕ್ತು, ಅದೂ ಸರಿಯಾಗಿ ಈಜುಕೊಳದ ಡೆಕ್ಕಿನ ಕೆಳಗೆ. ಬೆಳಗಿನ ಜಾವ ಐದೂವರೆಗೆ ಮೇಲೆ ಕುರ್ಚಿ ಎಳೆಯೋಕೆ ಶುರು ಮಾಡಿದ್ರು, ರಾತ್ರಿ ನೆಲ ತೊಳೆಯೋಕೆ ಒಟ್ಟು ಮಾಡಿ ಇಟ್ಟಿರ್ತಾರಲ್ಲ ಆ ನೂರಾರು ಒರಗು ಕುರ್ಚಿಗಳನ್ನ ಒಂದೊಂದಾಗಿ ಎಳೆದು ಸಾಲಾಗಿ ಹಾಕೋದು, ತಲೆ ಮೇಲೆ ಯಾರೋ ಮನೆ ಸಾಮಾನೆಲ್ಲ ಸಾಗಿಸ್ತಿದಾರೇನೋ ಅನ್ನಂಗೆ ಗರ್ರ್ ಅಂತ ಸದ್ದು. ನಾನು ಎದ್ದು ಪಕ್ಕದ ಕ್ಯಾಬಿನ್ನಿಗೆ ಹೋಗಿ ನೋಡಿದ್ರೆ ಅಮ್ಮ ಬಾತ್‌ರೂಮ್ ಲೈಟ್ ಹಾಕ್ಕೊಂಡು, ಬಾಗಿಲು ಅರ್ಧ ತೆಗೆದು, ಹಾಸಿಗೆ ಅಂಚಲ್ಲಿ ಸೀರೆ ಸೆರಗು ಸುತ್ಕೊಂಡು ಕೂತಿದ್ರು. ಬೆಳಗಾಯ್ತೇನಪ್ಪಾ ಅಂತ ಕೇಳಿದ್ರು. ಒಳಗಿನ ಕ್ಯಾಬಿನ್ನಲ್ಲಿ ಲೈಟ್ ಆರಿಸಿದ್ರೆ ಕಣ್ಣಿಗೆ ಕೈ ಕಾಣಲ್ಲ, ಹಗಲೋ ರಾತ್ರಿಯೋ ಗೊತ್ತಾಗಲ್ಲ, ಎಪ್ಪತ್ತು ವರ್ಷ ನಸುಕು ನೋಡಿ ಎದ್ದವ್ರಿಗೆ ಅದು ದೊಡ್ಡ ಹಿಂಸೆ. ಅವರು ಒಂದು ಮಾತೂ ಬೈಲಿಲ್ಲ, ಅದು ನಂಗೆ ಇನ್ನೂ ಜಾಸ್ತಿ ನೋವಾಯ್ತು.

ಅದಕ್ಕೇ ಹೇಳ್ತಿದೀನಿ, ಕ್ಯಾಬಿನ್ ಎಂಥದ್ದು ಅನ್ನೋದಕ್ಕಿಂತ ಎಲ್ಲಿದೆ ಅನ್ನೋದನ್ನ ಮೊದಲು ನೋಡು. ಕೆಎಸ್ಆರ್‌ಟಿಸಿ ಬಸ್ಸಲ್ಲಿ ಲಾಸ್ಟ್ ಸೀಟಲ್ಲಿ ಕೂತ್ರೆ ಹಂಪ್ ಸಿಕ್ಕಾಗೆಲ್ಲ ತಲೆ ಮೇಲಕ್ಕೆ ಹೋಗುತ್ತೆ, ಅದೇ ಎರಡು ಗಾಲಿ ಮಧ್ಯದ ಸೀಟಲ್ಲಿ ಅಷ್ಟು ಗೊತ್ತಾಗಲ್ಲ ಅಲ್ವಾ, ಹಡಗೂ ಹಂಗೇ. ಅಲೆ ಎದ್ದಾಗ ಮುಂದಿನ ತುದಿ, ಹಿಂದಿನ ತುದಿ ಏತದ ಮರದಂಗೆ ಮೇಲೆ ಕೆಳಗೆ ಆಗುತ್ತೆ, ಮಧ್ಯ ಕಮ್ಮಿ ಆಡುತ್ತೆ. ಹಂಗೇ ಮೇಲಿನ ಡೆಕ್ಕು ಪಕ್ಕಕ್ಕೆ ಜಾಸ್ತಿ ವಾಲುತ್ತೆ, ಕೆಳಗಿನದು ಕಮ್ಮಿ. ಹಡಗಿನ ನಡುಭಾಗ, ಕೆಳಗಿನ ಡೆಕ್ಕು, ಇಷ್ಟು ತಲೇಲಿಟ್ಕೋ. ಮೇಲಿನ ಡೆಕ್ಕಿಗೆ ದುಡ್ಡು ಜಾಸ್ತಿ ಅಂತ ಅದೇ ಒಳ್ಳೇದಿರುತ್ತೆ ಅಂತಲ್ಲ. ಮಲಾಕಾ ಜಲಸಂಧಿ ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷ್ಯಾ ಇರೋದ್ರಿಂದ ಸಾಮಾನ್ಯವಾಗಿ ಶಾಂತವಾಗೇ ಇರುತ್ತೆ, ಆದ್ರೆ ಫುಕೆಟ್ ಇರೋದು ಅಂಡಮಾನ್ ಸಮುದ್ರದ ಕಡೆ, ಅಲ್ಲಿ ಮೇ ಇಂದ ಅಕ್ಟೋಬರ್ ತನಕ ಮಳೆಗಾಲದ ಅಲೆ ಇರುತ್ತೆ. ನೀನು ಡಿಸೆಂಬರ್ ಅಂದಿದೀಯ, ಒಳ್ಳೇ ಟೈಮು. ಆದ್ರೂ ವಾಂತಿ ಮಾತ್ರೆ ಇಟ್ಕೋ, ಅಪ್ಪಾಜಿ ಬಿಪಿ ಮಾತ್ರೆ ತಗೊಳ್ತಾರಲ್ಲ, ಯಾವುದು ಕೊಡಬಹುದು ಅಂತ ಅವರ ಡಾಕ್ಟರನ್ನೇ ಕೇಳಿ ತಗೋ.

ಇನ್ನೊಂದು ಕೆಲಸ ಮಾಡ್ಲೇಬೇಕು, ಕಂಪನಿ ವೆಬ್‌ಸೈಟಲ್ಲಿ ಡೆಕ್ ಪ್ಲಾನ್ ಅಂತ ಸಿಗುತ್ತೆ, ಅದನ್ನ ತೆಗೆದು ನಿನ್ನ ಕ್ಯಾಬಿನ್ನಿನ ಮೇಲೆ ಏನಿದೆ, ಕೆಳಗೆ ಏನಿದೆ ನೋಡು. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇದ್ರೆ ಕಣ್ಣು ಮುಚ್ಚಿ ತಗೋ. ಮೇಲೆ ಪೂಲ್, ಬಫೆ, ಅಡುಗೆಮನೆ, ಕೆಳಗೆ ಥಿಯೇಟರ್, ಡಿಸ್ಕೋ ಇದ್ರೆ ಬೇಡ. ತೀರಾ ಮುಂದಿನ ತುದೀಲಿ ಕೆಳಗಿನ ಡೆಕ್ಕೂ ಬೇಡ, ಬೆಳಗ್ಗೆ ಬಂದರು ಮುಟ್ಟೋವಾಗ ಹಡಗನ್ನ ಪಕ್ಕಕ್ಕೆ ಸರಿಸೋ ಥ್ರಸ್ಟರ್ ಅಲ್ಲೇ ಇರುತ್ತೆ, ಗೋಡೆಯೆಲ್ಲ ನಡುಗುತ್ತೆ. ಲಿಫ್ಟಿಗೆ ಅಂಟ್ಕೊಂಡಿರೋದು ಬೇಡ, ಆದ್ರೆ ಲಿಫ್ಟಿಂದ ಏಳೆಂಟು ಬಾಗಿಲು ದಾಟಿ ಇದ್ರೆ ಸರಿ ಹೋಗುತ್ತೆ, ಯಾಕಂದ್ರೆ ಸಿಂಗಾಪುರದಿಂದ ಹೊರಡೋ ಹಡಗುಗಳು ಸಣ್ಣವಲ್ಲ, ಗೆಂಟಿಂಗ್ ಡ್ರೀಮ್ ಅನ್ನೋ ಹಡಗು ಒಂದೇ 335 ಮೀಟರ್ ಉದ್ದ, ಈ ತುದಿಯಿಂದ ಆ ತುದಿಗೆ ಒಂದು ಸಲ ಹೋಗಿ ಬಂದ್ರೆ ಅರ್ಧ ಕಿಲೋಮೀಟರ್ ಮೀರುತ್ತೆ, ಅಪ್ಪಾಜಿ ಮೊಣಕಾಲಿಗೆ ದಿನಕ್ಕೆ ಆರು ಸಲ ಅದು ಬೇಡ.

ದರ್ಜೆ ವಿಷಯಕ್ಕೆ ಬಂದ್ರೆ ಒಳಗಿನದು, ಕಿಟಕಿಯದು, ಬಾಲ್ಕನಿಯದು, ಸೂಟು ಅಂದ್ರೆ ಎಲ್ಲಕ್ಕಿಂತ ದೊಡ್ಡ ಕ್ಯಾಬಿನ್ನು, ಇಷ್ಟೇ. ಕಿಟಕಿ ಇದ್ರೂ ತೆರೆಯೋಕಾಗಲ್ಲ, ಬರೀ ಗಾಜು. ಅಬ್‌ಸ್ಟ್ರಕ್ಟೆಡ್ ವ್ಯೂ ಅಂತ ಬರೆದಿದ್ರೆ ಕಿಟಕಿ ಮುಂದೆ ಲೈಫ್‌ಬೋಟ್ ನೇತಾಡ್ತಿರುತ್ತೆ ಅಂತ ಅರ್ಥ, ಆದ್ರೂ ಬೆಳಕು ಬರುತ್ತೆ, ಕಮ್ಮಿ ದುಡ್ಡಿಗೆ ಅದು ಒಳ್ಳೇದೇ. ನಾನಾಗಿದ್ರೆ ಈ ಸಲ ಏನ್ ಮಾಡ್ತಿದ್ದೆ ಅಂದ್ರೆ, ಅಪ್ಪ ಅಮ್ಮಂಗೆ ಬಾಲ್ಕನಿ ಕ್ಯಾಬಿನ್ನು, ಅದರ ಎದುರಿಗೇ ಕಾರಿಡಾರ್ ಆಚೆ ನಾವು ಒಳಗಿನ ಕ್ಯಾಬಿನ್ನು. ಕಾಫಿ ಕುಡಿಯೋಕೆ, ಸೂರ್ಯ ಮುಳುಗೋದು ನೋಡೋಕೆ ಎಲ್ಲರೂ ಅಲ್ಲೇ ಕೂರಬಹುದು, ದುಡ್ಡೂ ಎರಡು ಬಾಲ್ಕನಿಯಷ್ಟು ಆಗಲ್ಲ. ಮೂವರು ನಾಲ್ವರು ಒಂದೇ ಕ್ಯಾಬಿನ್ನಲ್ಲಿ ಅಂತ ಏಜೆಂಟ್ ಹೇಳಿದ್ರೆ ಒಪ್ಕೋಬೇಡ, ಮೂರನೇ ನಾಲ್ಕನೇ ಹಾಸಿಗೆ ಅಂದ್ರೆ ಸಾಮಾನ್ಯವಾಗಿ ರೈಲಿನ ಅಪ್ಪರ್ ಬರ್ತಿನ ತರ ಗೋಡೆಯಿಂದನೋ ಛಾವಣಿಯಿಂದನೋ ಇಳಿಸೋದು, ಏಣಿ ಹತ್ತಬೇಕು. ಒಳಗಿನ ಕ್ಯಾಬಿನ್ ಸುಮಾರು 150ರಿಂದ 180 ಚದರಡಿ ಇರುತ್ತೆ, ಅದರಲ್ಲೇ ಬಾತ್‌ರೂಮೂ ಸೇರಿ. ಒಳಗಿನದ್ದೇ ಸಿಕ್ಕಿದ್ರೂ ಒಂದು ಉಪಾಯ ಇದೆ, ಎಷ್ಟೋ ಹಡಗಲ್ಲಿ ಟೀವಿಯಲ್ಲಿ ಒಂದು ಚಾನೆಲ್ ಹಡಗಿನ ಮುಂದಿನ ಕ್ಯಾಮೆರಾ ತೋರಿಸ್ತಿರುತ್ತೆ, ರಾತ್ರಿ ಮಲಗೋವಾಗ ಸೌಂಡ್ ತೆಗೆದು ಅದನ್ನ ಹಾಕಿಟ್ರೆ ಬೆಳಗಾದಂಗೆ ರೂಮಲ್ಲೂ ಬೆಳಕಾಗುತ್ತೆ. ಮೂರನೇ ರಾತ್ರಿ ಅಮ್ಮ ನಿದ್ದೆ ಮಾಡಿದ್ದು ಹಿಂಗೆ, ಆಮೇಲೆ ಇಯರ್‌ಪ್ಲಗ್ಗೂ ಹಾಕ್ಕೊಂಡ್ರು.

ಬಾತ್‌ರೂಮ್ ಬಗ್ಗೆ ಅಪ್ಪಾಜಿಗೆ ಮೊದಲ ದಿನವೇ ಕೈ ಹಿಡಿದು ತೋರಿಸಿಬಿಡು. ಬಾಗಿಲಲ್ಲಿ ಹೊಸಿಲಿನ ತರ ಎತ್ತರದ ಪಟ್ಟಿ ಇರುತ್ತೆ, ನೀರು ರೂಮಿಗೆ ಬರದೇ ಇರ್ಲಿ ಅಂತ, ರಾತ್ರಿ ನಿದ್ದೆಗಣ್ಣಲ್ಲಿ ಎಡವೋದು ಅಲ್ಲೇ. ಫ್ಲಶ್ ವಿಮಾನದ್ದರ ತರ ಎಳ್ಕೊಳ್ಳುತ್ತೆ, ಜೋರು ಸದ್ದು ಬರುತ್ತೆ, ಮೊದಲೇ ಹೇಳಿದ್ರೆ ಗಾಬರಿ ಆಗಲ್ಲ. ಜೆಟ್ ಸ್ಪ್ರೇ ಎಲ್ಲಾ ಹಡಗಲ್ಲೂ ಇರಲ್ಲ, ಒಂದು ಸಣ್ಣ ಮಗ್ಗು ಸೂಟ್‌ಕೇಸಲ್ಲಿ ಇರ್ಲಿ. ಎರಡು ಹಾಸಿಗೆ ಸೇರಿಸಿಟ್ಟಿದ್ರೆ ಬೇರೆ ಮಾಡಿಕೊಡಿ ಅಂದ್ರೆ ರೂಮ್ ನೋಡ್ಕೊಳ್ಳೋ ಸ್ಟೂವರ್ಡ್ ಮಾಡಿಕೊಡ್ತಾರೆ. ಖಾಲಿ ಸೂಟ್‌ಕೇಸು ಮಂಚದ ಕೆಳಗೆ ಹೋಗುತ್ತೆ. ಗೋಡೆ ಬಹುತೇಕ ಕಬ್ಬಿಣದ ತಗಡು, ಮ್ಯಾಗ್ನೆಟ್ ಹುಕ್ ನಾಲ್ಕು ಒಯ್ದರೆ ಒದ್ದೆ ಟವಲ್, ಅಪ್ಪಾಜಿ ಟೋಪಿ ಎಲ್ಲ ನೇತು ಹಾಕಬಹುದು. ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್ ಒಯ್ಯಬೇಡ, ಬೆಂಕಿ ಭಯಕ್ಕೆ ಹತ್ತೋವಾಗಲೇ ತೆಗೆದಿಟ್ಕೋತಾರೆ.

ಮೊದಲ ದಿನ ದೊಡ್ಡ ಲಗೇಜನ್ನ ಟರ್ಮಿನಲ್ಲಲ್ಲೇ ಟ್ಯಾಗ್ ಹಾಕಿ ತಗೊಂಡುಬಿಡ್ತಾರೆ, ಅದು ಕ್ಯಾಬಿನ್ ಬಾಗಿಲಿಗೆ ಬರೋಕೆ ಸಾಯಂಕಾಲ, ಒಮ್ಮೊಮ್ಮೆ ರಾತ್ರಿ ಆಗುತ್ತೆ. ಅಪ್ಪಾಜಿ ಮಾತ್ರೆ, ಪಾಸ್‌ಪೋರ್ಟು, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರ್ಲಿ. ಹೊರಡೋಕೆ ಮುಂಚೆ ಮಸ್ಟರ್ ಡ್ರಿಲ್ ಇರುತ್ತೆ, ಅಪಾಯ ಆದ್ರೆ ಎಲ್ಲಿ ಸೇರಬೇಕು ಅಂತ ತೋರಿಸೋದು, ಅದನ್ನ ತಪ್ಪಿಸಬೇಡ. 2012ರ ಜನವರಿಯಲ್ಲಿ ಇಟಲಿ ಹತ್ರ ಕೋಸ್ಟಾ ಕಾಂಕೋರ್ಡಿಯಾ ಅನ್ನೋ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಹೋದ್ರಲ್ಲ, ಅವತ್ತು ಸಂಜೆ ಹತ್ತಿದವ್ರಿಗೆ ಡ್ರಿಲ್ಲೇ ಆಗಿರ್ಲಿಲ್ಲ, ಅದಾದ್ಮೇಲೇ ಹಡಗು ಹೊರಡೋಕೆ ಮುಂಚೆ ಅಥವಾ ಹೊರಟ ತಕ್ಷಣ ಮಾಡ್ಲೇಬೇಕು ಅಂತ ನಿಯಮ ಬಂದಿದ್ದು. ಫೋನು ಏರೋಪ್ಲೇನ್ ಮೋಡಿಗೆ ಹಾಕ್ಬಿಡು, ಹಡಗಿನ ನೆಟ್‌ವರ್ಕ್ ಹಿಡಿದ್ರೆ ರೋಮಿಂಗ್ ಬಿಲ್ ಸಿಕ್ಕಾಪಟ್ಟೆ ಬರುತ್ತೆ. ಮತ್ತೆ ಫುಕೆಟ್ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ, ಇಳಿದು ಹೋದಾಗ ಹಡಗಿನ ಗಡಿಯಾರ ಏನು ಹೇಳುತ್ತೋ ಅದನ್ನೇ ಇಟ್ಕೋ.

ಈಗ ಊಟ. ಟಿಕೆಟಲ್ಲೇ ಸೇರಿರೋದು ಮುಖ್ಯವಾಗಿ ಎರಡು ಕಡೆ, ಒಂದು ಬಫೆ, ಇನ್ನೊಂದು ಮೇನ್ ಡೈನಿಂಗ್ ರೂಮ್. ಮೊದಲನೇ ಸಲ ಹೋಗೋರು ಎಲ್ಲಾ ಊಟಕ್ಕೂ ಬಫೆಗೇ ಹೋಗ್ತಾರೆ, ಡೈನಿಂಗ್ ರೂಮಿಗೆ ಬೇರೆ ದುಡ್ಡು ಅಂದ್ಕೊಂಡು. ದುಡ್ಡಿಲ್ಲ ಕಣೋ, ಧೈರ್ಯವಾಗಿ ಹೋಗಿ ಕೂತ್ಕೋ, ಒಂದು ಸೂಪು ಇಷ್ಟ ಆಗ್ಲಿಲ್ಲ ಅಂದ್ರೆ ಇನ್ನೊಂದು ಕೇಳಬಹುದು, ಸ್ಟಾರ್ಟರ್ ಎರಡು ತರಿಸ್ಕೋಬಹುದು, ಅದಕ್ಕೂ ಬಿಲ್ ಬರಲ್ಲ. ದುಡ್ಡು ಇರೋದು ಸ್ಪೆಷಾಲಿಟಿ ರೆಸ್ಟೋರೆಂಟುಗಳಿಗೆ, ಕ್ಯಾನ್ ಜ್ಯೂಸು, ಕೋಲಾ, ಮದ್ಯಕ್ಕೆ. ನೀರು, ಕಾಫಿ, ಟೀ ಬಫೆಯಲ್ಲಿ ಫ್ರೀ. ಅಮೆರಿಕನ್ ಕಂಪನಿ ಹಡಗಲ್ಲಿ ತಲೆಗೆ ದಿನಕ್ಕೆ 15ರಿಂದ 20 ಡಾಲರ್ ಆಸುಪಾಸು ಸರ್ವೀಸ್ ಚಾರ್ಜ್ ಬಿಲ್ಲಿಗೆ ತಾನಾಗೇ ಸೇರುತ್ತೆ, ಮನೆಯವ್ರೆಲ್ಲ ಸೇರಿ ನಾಲ್ಕು ರಾತ್ರಿ ಅಂದ್ರೆ ಸಣ್ಣ ಮೊತ್ತ ಅಲ್ಲ, ಮೊದಲೇ ಲೆಕ್ಕದಲ್ಲಿ ಹಿಡಿದುಬಿಡು.

ರಾತ್ರಿ ಊಟಕ್ಕೆ ಫಿಕ್ಸೆಡ್ ಟೈಮು ಇಲ್ಲಾ ಯಾವಾಗ ಬೇಕಾದ್ರೂ ಬರೋದು ಅಂತ ಎರಡು ಆಯ್ಕೆ ಕೊಡ್ತಾರೆ. ನೀನು ಫಿಕ್ಸೆಡ್ ತಗೋ, ಅದೂ ಬೇಗನೆ ಇರೋದು, ಆರು ಗಂಟೆ ಹತ್ತಿರದ್ದು. ಅಪ್ಪಾಜಿ ಏಳೂವರೆಗೆಲ್ಲ ಊಟ ಮುಗಿಸೋರು ಅನ್ನೋದು ಒಂದು, ಇನ್ನೊಂದು ಏನಂದ್ರೆ ಫಿಕ್ಸೆಡ್ ಅಲ್ಲಿ ದಿನಾ ಅದೇ ಟೇಬಲ್, ಅದೇ ವೇಟರ್. ಇದರ ಬೆಲೆ ನಂಗೆ ಎರಡನೇ ದಿನ ಗೊತ್ತಾಯ್ತು.

ಮೊದಲ ರಾತ್ರಿ ನಾವು ಬಫೆಯಲ್ಲಿ ಅಲ್ಲಿ ಇಲ್ಲಿ ತಿಂದ್ವಿ, ವೆಜ್ ಅಂತ ಬೋರ್ಡ್ ಇದ್ದ ನೂಡಲ್ಸಲ್ಲಿ ಮೀನಿನ ಸಾಸ್ ಇದೆ ಅಂತ ತಟ್ಟೆಗೆ ಹಾಕ್ಕೊಂಡ ಮೇಲೆ ಗೊತ್ತಾಗಿ ಅಮ್ಮ ಬ್ರೆಡ್ಡು ಬಾಳೆಹಣ್ಣು ತಿಂದು ಎದ್ರು. ಆ ಕಡೆ ತರಕಾರಿ ಕಂಡ್ರೆ ವೆಜ್ ಅಂತ ಕರೆಯೋದು ಉಂಟು, ಸೂಪಿಗೆ ಚಿಕನ್ ಬೇಯಿಸಿದ ನೀರು, ಪುಡಿಂಗಿಗೆ ಪ್ರಾಣಿ ಮೂಳೆ ಚರ್ಮದಿಂದ ಮಾಡೋ ಜೆಲಾಟಿನ್, ಕೇಕಿಗೆ ಮೊಟ್ಟೆ, ಇವನ್ನೆಲ್ಲ ಒಂದೊಂದಾಗಿ ಹೆಸರು ಹಿಡಿದು ಕೇಳ್ಬೇಕು. ಎರಡನೇ ರಾತ್ರಿ ಡೈನಿಂಗ್ ರೂಮಿಗೆ ಹೋದ್ವಿ. ನಾವು ಮಾತಾಡೋದು ಕೇಳಿಸ್ಕೊಂಡು ವೇಟರ್ ಹುಡುಗ ನಿಂತುಬಿಟ್ಟ, ಕುಂದಾಪುರದ ಕಡೆಯವನು. ಎಂತ ಬೇಕಮ್ಮ ನಿಮ್ಗೆ ಅಂತ ಕೇಳಿದ. ಅಮ್ಮ ಸಂಕೋಚದಲ್ಲಿ, ಸ್ವಲ್ಪ ಮೊಸರನ್ನ ಸಿಗುತ್ತೇನಪ್ಪಾ ಅಂದ್ರು. ಹತ್ತು ನಿಮಿಷಕ್ಕೆ ಬಿಳಿ ಬಟ್ಟಲಲ್ಲಿ ಬಿಸಿ ಅನ್ನ, ಇನ್ನೊಂದರಲ್ಲಿ ಸಪ್ಪೆ ಮೊಸರು, ಪಕ್ಕದಲ್ಲಿ ಸಣ್ಣಗೆ ಹೆಚ್ಚಿದ ಶುಂಠಿ, ಹಸಿಮೆಣಸು, ಚಿಟಿಕೆ ಉಪ್ಪು ಬಂತು. ಕೈಯಲ್ಲಿ ಉಣ್ಣಬಹುದಾ ಅಂತ ಅಮ್ಮ ನನ್ನ ಕೇಳಿದ್ರೆ ಅವನೇ, ಉಣ್ಣಿ ಅಮ್ಮ, ಎಂತ ಆಗುದಿಲ್ಲ ಅಂದ. ಅಮ್ಮ ಬೆರಳಲ್ಲಿ ಮೆಲ್ಲಗೆ ಕಲಸಿ ಮೊದಲ ತುತ್ತು ತಿಂದಾಗ ಅವರ ಮುಖ ನೋಡ್ಬೇಕಿತ್ತು ನೀನು.

ಅವನೇ ಹೆಡ್ ವೇಟರನ್ನ ಕರೆಸಿದ. ಅವರು ಮರುದಿನದ ಮೆನು ತೋರಿಸಿ ಏನು ಬೇಕು ಅಂತ ಬರ್ಕೊಂಡ್ರು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ದಾಲ್, ಬೆಂಡೆಕಾಯಿ ಪಲ್ಯ, ಅನ್ನ, ದಿನಾ ಹಾಗೇ ಬಂತು. ಒಂದು ದಿನ ಮುಂಚೆ ಹೇಳಿದ್ರೆ ಅಡುಗೆಮನೆಯವ್ರಿಗೆ ಇದು ಕಷ್ಟದ ಕೆಲಸ ಅಲ್ಲ, ಊಟಕ್ಕೆ ಕೂತ್ಮೇಲೆ ಹೇಳಿದ್ರೆ ಕಷ್ಟ. ಹಾಗಾಗಿ ನೀನು ಬುಕ್ ಮಾಡೋವಾಗ್ಲೇ ಸ್ಪೆಷಲ್ ಮೀಲ್ ಅಂತ ಹಾಕಿಸು. ನಿಮ್ಮಮ್ಮಂಗೂ ಈರುಳ್ಳಿ ಬೆಳ್ಳುಳ್ಳಿ ಆಗಲ್ಲ ಅಲ್ವಾ, ಅದಕ್ಕೆ ಜೈನ್ ಮೀಲ್ ಅಂತ ಹೇಳೋದೇ ಸುಲಭ, ಆ ಹೆಸರು ಅಡುಗೆಯವ್ರಿಗೆ ಗೊತ್ತು, ಆಲೂಗಡ್ಡೆ ಕ್ಯಾರೆಟ್ಟೂ ಬರಲ್ಲ ಅನ್ನೋದೊಂದು ಬಿಟ್ರೆ. ಸಿಂಗಾಪುರದ ಕಡೆ ಇಂಡಿಯಾದವ್ರು ತುಂಬಾ ಜನ ಬರೋದ್ರಿಂದ ಇಂಡಿಯನ್ ವೆಜ್, ಜೈನ್ ಎರಡೂ ಮಾಡೋ ಹಡಗುಗಳಿವೆ. ಹತ್ತಿದ ದಿನ ಮಧ್ಯಾಹ್ನ ಎಲ್ಲರೂ ಬಫೆಗೆ ನುಗ್ಗೋವಾಗ ನೀನು ಸೀದಾ ಡೈನಿಂಗ್ ರೂಮಿಗೆ ಹೋಗಿ ಹೆಡ್ ವೇಟರನ್ನ ಕಂಡು ಇನ್ನೊಂದು ಸಲ ಹೇಳಿಬಿಡು, ಎಷ್ಟೋ ಹಡಗಲ್ಲಿ ಆವಾಗ ಅಲ್ಲೂ ಊಟ ಇರುತ್ತೆ, ಜನನೂ ಇರಲ್ಲ.

ಮನೇಲಿ ಮಾಡಿದ ಪುಳಿಯೋಗರೆ ಗೊಜ್ಜು, ಚಪಾತಿ ಒಯ್ಯೋಕೆ ಸಾಮಾನ್ಯವಾಗಿ ಬಿಡಲ್ಲ, ಅಂಗಡಿಯ ಸೀಲ್ ಪ್ಯಾಕೆಟ್ ಆದ್ರೆ ಬಿಡ್ತಾರೆ, ಚಟ್ನಿಪುಡಿ, ಉಪ್ಪಿನಕಾಯಿ ಸಣ್ಣ ಪ್ಯಾಕೆಟ್ ಇಟ್ಕೋ. ಫಾರ್ಮಲ್ ನೈಟ್ ಅಂತ ಒಂದಿರುತ್ತೆ, ಅದಕ್ಕೆ ಕೋಟು ಕೊಳ್ಳೋಕೆ ಹೋಗ್ಬೇಡ, ಅಮ್ಮನ ರೇಷ್ಮೆ ಸೀರೆ, ನಿನ್ನ ಒಂದು ಒಳ್ಳೇ ಕುರ್ತಾ ಸಾಕು. ಬಫೆಗೆ ಹೋಗೋಕೆ ಮುಂಚೆ ಸೋಪು ನೀರಲ್ಲೇ ಕೈ ತೊಳೀರಿ, ಹಡಗಲ್ಲಿ ಹರಡೋ ನೋರೋವೈರಸ್‌ಗೆ ಬಾಗಿಲಲ್ಲಿಟ್ಟಿರೋ ಸ್ಯಾನಿಟೈಜರ್ ಅಷ್ಟಾಗಿ ನಾಟಲ್ಲ, ವಯಸ್ಸಾದವ್ರಿಗೆ ವಾಂತಿ ಭೇದಿ ಶುರುವಾದ್ರೆ ತುಂಬಾ ಸುಸ್ತಾಗಿಬಿಡ್ತಾರೆ. ಪೆನಾಂಗಲ್ಲಿ ಇಳಿದ ದಿನ ಮಾತ್ರ ಮಧ್ಯಾಹ್ನದ ಊಟ ಹಡಗಲ್ಲಿ ಬೇಡ, ಬಂದರಿನ ಹತ್ರಾನೇ ಜಾರ್ಜ್‌ಟೌನಿನ ಲಿಟಲ್ ಇಂಡಿಯಾ ಇದೆ, ಬಾಳೆ ಎಲೆ ಮೇಲೆ ಅನ್ನ ಸಾಂಬಾರ್ ಸಿಗುತ್ತೆ, ಅಪ್ಪಾಜಿ ಖುಷಿ ಪಡ್ತಾರೆ.

ದುಡ್ಡು ಕಟ್ಟೋಕೆ ಮುಂಚೆ ಏಜೆಂಟ್ ಕೊಟ್ಟ ಕ್ಯಾಬಿನ್ ನಂಬರು, ಹಡಗಿನ ಹೆಸರು ಎರಡೂ ನಂಗೆ ಕಳ್ಸು. ಡೆಕ್ ಪ್ಲಾನ್ ತೆಗೆದು ಮೇಲೆ ಕೆಳಗೆ ಏನಿದೆ ನೋಡಿ ಅವತ್ತೇ ಫೋನ್ ಮಾಡ್ತೀನಿ. ಅಮ್ಮಂಗೆ ನನ್ನ ನಮಸ್ಕಾರ ಹೇಳು.

ನಿನ್ನ
ಹಳೇ ರೂಮ್‌ಮೇಟ್