ಮಾವಿಗೆ ನೀರು ನಿಲ್ಲಿಸುವ ಕಾಲ

ಪ್ರಿಯ ಗೆಳೆಯ,

ಮಳೆಗಾಲ ಮುಗಿದ ಮೇಲೆ ಮನೆಯ ಗಿಡಗಳಿಗೆ ಎಷ್ಟು ನೀರು ಹಾಕಬೇಕೆಂದು ನೀನು ಕೇಳಿದ್ದೆ. ಉತ್ತರವನ್ನು ನಾಲ್ಕು ಜನ ಓದುವಲ್ಲಿಯೇ ಬರೆಯುತ್ತಿದ್ದೇನೆ, ಏಕೆಂದರೆ ಹಿತ್ತಲಲ್ಲಿ ಮಾವಿನ ಮರವಿರುವವರು ನಮ್ಮ ಕೋಲಾರದಲ್ಲಿ ಬಹಳ ಮಂದಿ ಇದ್ದಾರೆ.

ಕುಂಡಗಳ ವಿಷಯ ಸುಲಭ. ಚಳಿಗಾಲದಲ್ಲಿ ಮಣ್ಣು ಬೇಗ ಆರುವುದಿಲ್ಲವಾದ್ದರಿಂದ ಬೆರಳಿಟ್ಟು ನೋಡಿ, ಒಳಗೂ ಒಣಗಿದ್ದರೆ ಮಾತ್ರ ಬೆಳಗಿನ ಹೊತ್ತು ಹಾಕು. ಶಿವರಾತ್ರಿ ಕಳೆದ ಮೇಲೆ ಬಿಸಿಲು ನೋಡಿಕೊಂಡು ಹೆಚ್ಚಿಸು. ಕಷ್ಟವಿರುವುದು ಮಾವಿನಲ್ಲಿ. ಸ್ವಾತಿ ಮಳೆ ಮುಗಿಯುತ್ತಲೇ, ಅಂದರೆ ನವೆಂಬರ್ ಮೊದಲ ವಾರದ ಹೊತ್ತಿಗೆ, ಕಾಯಿ ಬಿಡುವ ಮರಕ್ಕೆ ನೀರು ನಿಲ್ಲಿಸಬೇಕು. ಒಣಗಿದ ನೆಲವೂ ರಾತ್ರಿಯ ಚಳಿಯೂ ಸೇರಿ ಚಿಗುರನ್ನು ತಡೆದಾಗಲೇ ಮರ ಹೂವಿಗೆ ಸಿದ್ಧವಾಗುತ್ತದೆ. ಕನಿಕರಪಟ್ಟು ಆ ಎರಡು ತಿಂಗಳು ಪಾತಿ ತುಂಬಿಸಿದರೆ ಹೂವಿನ ಬದಲು ಎಲೆಯೇ ಹೆಚ್ಚು. ಹೀಚುಕಾಯಿಗಳು ಬಟಾಣಿಯಷ್ಟಾದ ಮೇಲೆ ಮತ್ತೆ ಹಾಯಿಸಬಹುದು. ಮಾವಿಗೆ ಹೆಸರಾದ ನಮ್ಮ ಶ್ರೀನಿವಾಸಪುರದ ತೋಟಗಳವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಬೆಳೆದವರು ನಾವು. 2018ರಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿದ ಮೇಲೆ ನಮ್ಮ ಕೊಳವೆಬಾವಿಯೂ ಚೇತರಿಸಿಕೊಂಡಿತು. ನೀರಿಲ್ಲದೆ ಹಾಕದಿರುವುದು ನಮಗೆ ರೂಢಿ. ಇದ್ದೂ ಹಾಕದಿರುವುದು ಹೊಸದು. ಈ ಕಾರ್ತಿಕದಲ್ಲಿ ಪೈಪು ಹಿಡಿದು ಮರದ ಬುಡ ದಾಟಿ ಹೋಗುವಾಗಲೆಲ್ಲ ನನಗೆ ಸಂಕಟವಾಗುತ್ತಿದೆ.

ಕಾರಣ ನಿನಗೆ ಹೇಳಿರಲಿಲ್ಲ. ಅಪ್ಪನ ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ನಡೆಯುತ್ತಿದ್ದಾಗ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕೊಡಕೂಡದೆಂದು ವೈದ್ಯರು ಹೇಳಿದ್ದರು, ಮತ್ತು ಅದನ್ನು ಅಳೆದು ಕೊಡುವ ಕೆಲಸ ನನ್ನದಾಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಅವರು ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಚೊಂಬಿನ ಕಡೆ ನೋಡುತ್ತಿದ್ದರು. ಹೆಚ್ಚು ಕೊಟ್ಟಿದ್ದರೆ ಉಸಿರು ಕಟ್ಟುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ಆ ನೋಟ ನನ್ನಿಂದ ಹೋಗಿಲ್ಲ. ಮರಕ್ಕಾದರೆ ಸಂಕ್ರಾಂತಿ ಹೊತ್ತಿಗೆ ಹೂವಿನ ಗೊಂಚಲು ಬರುತ್ತದೆಂಬ ಭರವಸೆಯಿದೆ. ಅಪ್ಪನಿಗೆ ನಾನು ಅಂಥ ಯಾವ ಮಾತನ್ನೂ ಕೊಡಲಾಗಲಿಲ್ಲ.

ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ, ಸಾಕು. ಅಪ್ಪ ನೆಟ್ಟಿದ್ದು ರಸಪುರಿ. ಮೇ ಕೊನೆಗೆ ನೀನು ಬರಲೇಬೇಕು, ಚೀಲವನ್ನೂ ನೀನೇ ತರಬೇಕು, ಓದುವಾಗಿನ ಎರಡನೇ ಬೆಂಚಿನ ಹಳೆಯ ಬಾಕಿಯನ್ನು ಈ ಸಲವಾದರೂ ತೀರಿಸಬೇಕು. ಸಾಕ್ಷಿಗೆ ಇಲ್ಲಿ ಇಷ್ಟು ಜನ ಓದುತ್ತಿದ್ದಾರೆ.

ನಿನ್ನ ಗೆಳೆಯ